ಚರ್ಚು, ಪಕ್ಷ, ಬಂಡವಾಳ: ಶಾಲೆಯ ಬಾಗಿಲಿನಿಂದ ಒಳಹೊಕ್ಕ ರಾಜಕೀಯ

ಓದುಗರ ಪ್ರಶ್ನೆ: ಕೆಲಸದ ನಿಮಿತ್ತ ನಾಲ್ಕು ವರ್ಷ ಅಮೆರಿಕದ ಟೆಕ್ಸಸ್‌ನಲ್ಲಿದ್ದು ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಿದ್ದೇನೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ ಅಲ್ಲಿನ ನನ್ನ ಸಹೋದ್ಯೋಗಿಗಳು ತೆರಿಗೆ ಇಳಿಸುವುದನ್ನೂ ಸರ್ಕಾರದ ಕೈ ಕಟ್ಟುವುದನ್ನೂ ಬೈಬಲ್ಲಿನ ಮಾತೇ ಎಂಬಂತೆ ನಂಬಿದ್ದರು. ಇಲ್ಲಿ ನೋಡಿದರೆ ಹೆಸರಿನಲ್ಲೇ ‘ಕ್ರಿಶ್ಚಿಯನ್’ ಎಂದಿರುವ ಪಕ್ಷವು ಪಿಂಚಣಿಯನ್ನೂ ಕಾರ್ಮಿಕರ ಹಕ್ಕುಗಳನ್ನೂ ತನ್ನ ಸಾಧನೆ ಎನ್ನುತ್ತದೆ; ಸಹೋದ್ಯೋಗಿಗಳ ಸಂಬಳದ ಚೀಟಿಯಲ್ಲಿ ಚರ್ಚ್ ತೆರಿಗೆಯೂ ಇರುತ್ತದೆ. ಒಂದೇ ಗ್ರಂಥವನ್ನು ಓದುವವರಲ್ಲಿ ಇಷ್ಟು ವ್ಯತ್ಯಾಸ ಏಕೆ? ಕ್ರೈಸ್ತ ಧರ್ಮ ಬಂಡವಾಳಶಾಹಿಯ ಪರವೋ ವಿರೋಧವೋ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಗ್ರಂಥದಲ್ಲಿ ಉತ್ತರ ಹುಡುಕುವುದು ವ್ಯರ್ಥ. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಆಸ್ತಿ ಮಾರಿ ಎಲ್ಲವನ್ನೂ ಹಂಚಿಕೊಂಡು ಬದುಕಿದರೆಂದು ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿದೆ. ಅದೇ ಮತ್ತಾಯನಲ್ಲಿ, ಒಡೆಯನು ಕೊಟ್ಟ ಹಣವನ್ನು ವ್ಯಾಪಾರಕ್ಕೆ ಹಾಕಿ ದುಪ್ಪಟ್ಟು ಮಾಡಿದ ಆಳಿಗೆ ಮೆಚ್ಚುಗೆಯೂ ನೆಲದಲ್ಲಿ ಹೂತಿಟ್ಟವನಿಗೆ ಬೈಗುಳವೂ ಸಿಗುವ ದೃಷ್ಟಾಂತ ಕಥೆಯಿದೆ. ಕೆಲಸ ಮಾಡಲೊಲ್ಲದವನಿಗೆ ಊಟವೂ ಬೇಡ ಎಂದು ಸಂತ ಪೌಲನು ಥೆಸಲೊನೀಕದವರಿಗೆ ಬರೆದ ಮಾತನ್ನು ಸರ್ಕಾರಿ ನೆರವಿನ ವಿರೋಧಿಗಳು ಇಂದಿಗೂ ಉದ್ಧರಿಸುತ್ತಾರೆ. ಆದರೆ ಹೆಚ್ಚುಕಡಿಮೆ ಅದೇ ಮಾತು 1936ರ ಸೋವಿಯತ್ ಸಂವಿಧಾನದ 12ನೆಯ ವಿಧಿಯಲ್ಲಿಯೂ ಇತ್ತು. ಒಂದೇ ವಾಕ್ಯ ಸ್ಟಾಲಿನ್‌ಗೂ ಟೆಕ್ಸಸ್‌ನ ಪಾದ್ರಿಗೂ ಒದಗುತ್ತದೆ ಎಂದ ಮೇಲೆ ವಾಕ್ಯದ ಬಲದಿಂದ ಹೆಚ್ಚೇನೂ ತೀರ್ಮಾನವಾಗುವುದಿಲ್ಲ.

ಈ ವಿಷಯ ಬಂದಾಗಲೆಲ್ಲ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನ ಹೆಸರು ಬರುತ್ತದೆ. 1904–05ರಲ್ಲಿ ಆತ ಮಂಡಿಸಿದ ವಾದವೆಂದರೆ, ಕ್ಯಾಲ್ವಿನ್ ಪಂಥದ ಪ್ರಾಟೆಸ್ಟಂಟರಲ್ಲಿ ತಾವು ದೇವರಿಂದ ಆಯ್ಕೆಯಾದವರೋ ಅಲ್ಲವೋ ಎಂಬ ತಳಮಳವು ಶಿಸ್ತಿನ ದುಡಿಮೆ ಮತ್ತು ಮಿತವ್ಯಯವಾಗಿ ಮಾರ್ಪಟ್ಟು, ಬಂಡವಾಳ ಕೂಡುವುದಕ್ಕೆ ಬೇಕಾದ ಮನೋಧರ್ಮವನ್ನು ಬೆಳೆಸಿತು ಎಂಬುದು. ಆ ವಾದದ ಸರಿತಪ್ಪುಗಳು ಏನೇ ಇರಲಿ, ಅದು ದುಡಿಯುವ ಅಭ್ಯಾಸಗಳ ಕುರಿತದ್ದೇ ಹೊರತು ಮತ ಹಾಕುವ ಅಭ್ಯಾಸಗಳ ಕುರಿತದ್ದಲ್ಲ. ನೀವು ಕೇಳಿರುವುದು ಎರಡನೆಯದನ್ನು.

ನನ್ನ ಉತ್ತರ ಇಷ್ಟು: ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಚರ್ಚುಗಳು ಪಕ್ಷ ರಾಜಕೀಯಕ್ಕೆ ಇಳಿದದ್ದು ಬಹುಮಟ್ಟಿಗೆ ಕೂಲಿ, ಬಡ್ಡಿ, ಲಾಭಗಳ ಪ್ರಶ್ನೆಗಾಗಿ ಅಲ್ಲ, ತಮ್ಮ ಶಾಲೆಗಳ ಮೇಲೆ ಸರ್ಕಾರ ಕೈಯಿಟ್ಟಿತೆಂಬ ಭಯದಿಂದ. ಆರ್ಥಿಕ ನಿಲುವು ಆಮೇಲೆ ಬಂತು. ಮದುವೆಯಾಗಿ ಬಂದ ಹೆಣ್ಣು ಗಂಡನ ಮನೆಯ ಅಡುಗೆಗೆ ಒಗ್ಗಿಕೊಳ್ಳುವಂತೆ, ಚರ್ಚು ಯಾವ ಪಕ್ಷದ ಮನೆ ಸೇರಿತೋ ಆ ಮನೆಯ ಅರ್ಥನೀತಿಗೆ ಒಗ್ಗಿಕೊಂಡಿತು. ಸ್ವಂತ ಮನೆಯನ್ನೇ ಕಟ್ಟಿಕೊಂಡಲ್ಲಿ ಅಡುಗೆಯನ್ನೂ ತಾನೇ ಹೊಂದಿಸಬೇಕಾಯಿತು.

ಯುರೋಪಿನಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಬೆಲ್ಜಿಯಂನಲ್ಲಿ ಉದಾರವಾದಿಗಳ ಸರ್ಕಾರ 1879ರಲ್ಲಿ ಪ್ರಾಥಮಿಕ ಶಾಲೆಗಳನ್ನು ಪಾದ್ರಿಗಳ ಹಿಡಿತದಿಂದ ತಪ್ಪಿಸುವ ಕಾನೂನು ತಂದಿತು. ಕ್ಯಾಥೊಲಿಕರು ಅದನ್ನು ‘ದುರ್ದೆಸೆಯ ಕಾನೂನು’ ಎಂದು ಕರೆದು, ಊರೂರಿನಲ್ಲಿ ತಮ್ಮದೇ ಶಾಲೆಗಳನ್ನು ತೆರೆದು, 1884ರ ಚುನಾವಣೆಯಲ್ಲಿ ಆ ಸರ್ಕಾರವನ್ನು ಮಣ್ಣು ಮುಕ್ಕಿಸಿದರು. ಅಲ್ಲಿಂದ ಮೊದಲನೆಯ ಮಹಾಯುದ್ಧದವರೆಗೆ ಅವರ ಪಕ್ಷವೇ ಆಳಿತು. ನೆದರ್‌ಲೆಂಡ್ಸ್‌ನಲ್ಲಿ ಕ್ಯಾಲ್ವಿನ್ ಪಂಥದ ಪಾದ್ರಿ ಅಬ್ರಹಾಂ ಕೈಪರ್ 1878ರ ಶಾಲಾ ಕಾನೂನಿನ ವಿರುದ್ಧ ಸಹಿ ಚಳವಳಿ ನಡೆಸಿ, ಅದರ ಬೆನ್ನಿಗೇ 1879ರಲ್ಲಿ ಆ ದೇಶದ ಮೊದಲ ಸಂಘಟಿತ ಆಧುನಿಕ ಪಕ್ಷವನ್ನು ಕಟ್ಟಿದ. ಸಹಿ ಹಾಕಿದವರಲ್ಲಿ ಬಹುಪಾಲು ಜನರಿಗೆ ಆಗ ಮತದಾನದ ಹಕ್ಕೇ ಇರಲಿಲ್ಲ. ಇವರಿಗೆ ‘ಚಿಕ್ಕ ಜನ’ ಎಂಬ ಹೆಸರಿತ್ತು: ಅಂಗಡಿಯವರು, ಸಣ್ಣ ರೈತರು, ಕುಶಲಕರ್ಮಿಗಳು. ಶಾಲೆಯ ಜಗಳ ತೀರಿದ್ದು 1917ರಲ್ಲಿ. ಎಲ್ಲ ಗಂಡಸರಿಗೆ ಮತದಾನದ ಹಕ್ಕು ಮತ್ತು ಧಾರ್ಮಿಕ ಶಾಲೆಗಳಿಗೆ ಸರ್ಕಾರಿ ಶಾಲೆಗಳಷ್ಟೇ ಅನುದಾನ, ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಒಪ್ಪಂದ ಮಾಡಲಾಯಿತು. ಧರ್ಮಕ್ಕೂ ಪ್ರಜಾಪ್ರಭುತ್ವಕ್ಕೂ ನಡೆದ ಇಷ್ಟು ನೇರವಾದ ಚೌಕಾಶಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ನೀವಿರುವ ಜರ್ಮನಿಗೆ ಬರೋಣ. 1870ರಲ್ಲಿ ಹುಟ್ಟಿದ ಕ್ಯಾಥೊಲಿಕರ ಸೆಂಟರ್ ಪಕ್ಷವು ಗಟ್ಟಿಯಾದದ್ದು ಸಾಮ್ರಾಜ್ಯದ ಚಾನ್ಸಲರ್ ಬಿಸ್ಮಾರ್ಕ್ ಅದನ್ನು ಮುರಿಯಲು ಹೊರಟಾಗ. 1872ರಲ್ಲಿ ಪ್ರಷ್ಯ ಸರ್ಕಾರ ಶಾಲಾ ತಪಾಸಣೆಯ ಅಧಿಕಾರವನ್ನು ಪಾದ್ರಿಗಳಿಂದ ಕಿತ್ತುಕೊಂಡಿತು, ಅದೇ ವರ್ಷ ಕ್ಯಾಥೊಲಿಕ್ ಪಾದ್ರಿಗಳ ಸಂಘವಾದ ಜೆಸ್ವಿಟರನ್ನು ಸಾಮ್ರಾಜ್ಯದಿಂದ ನಿಷೇಧಿಸಲಾಯಿತು, 1873ರ ಮೇ ಕಾನೂನುಗಳು ಪಾದ್ರಿಗಳ ತರಬೇತಿಯನ್ನೂ ನೇಮಕವನ್ನೂ ಸರ್ಕಾರದ ಅಧೀನಕ್ಕೆ ತಂದವು. ಫಲ ತಿರುಗುಮುರುಗಾಯಿತು. ಸಾಮ್ರಾಜ್ಯದ ಜನಸಂಖ್ಯೆಯ ಮೂರನೆಯ ಒಂದು ಭಾಗದಷ್ಟಿದ್ದ ಕ್ಯಾಥೊಲಿಕರು, ಸೈಲೀಶಿಯದ ಜಮೀನ್ದಾರರಿಂದ ಹಿಡಿದು ರೂರ್ ಕಣಿವೆಯ ಗಣಿ ಕಾರ್ಮಿಕರವರೆಗೆ, ಒಂದೇ ಪಕ್ಷದ ನೆರಳಿಗೆ ಬಂದರು.

ಇಲ್ಲಿಯೇ ಅರ್ಥನೀತಿಯ ಪ್ರಶ್ನೆ ಹುಟ್ಟುವುದು. ಧರ್ಮದ ಕಾರಣಕ್ಕೆ ಕೂಡಿಬಂದ ಪಕ್ಷದೊಳಗೆ ಮಾಲೀಕನೂ ಇದ್ದಾನೆ, ಕೂಲಿಯೂ ಇದ್ದಾನೆ; ಒಬ್ಬನ ಪರ ಪೂರ್ತಿ ನಿಂತರೆ ಇನ್ನೊಬ್ಬ ಎದ್ದು ಹೋಗುತ್ತಾನೆ, ಅದರಲ್ಲೂ ಕೂಲಿಯವನನ್ನು ಕರೆಯಲು ಸಮಾಜವಾದಿಗಳು ಬಾಗಿಲಲ್ಲೇ ನಿಂತಿದ್ದಾರೆ. ಮೈಂಟ್ಸ್‌ನ ಬಿಷಪ್ ಕೆಟ್ಟಲರ್ 1864ರಷ್ಟು ಹಿಂದೆಯೇ ಕಾರ್ಮಿಕರ ಸ್ಥಿತಿಯ ಬಗ್ಗೆ ಬರೆದಿದ್ದರು. 1891ರಲ್ಲಿ ಪೋಪ್ ಹದಿಮೂರನೆಯ ಲಿಯೊ ಹೊರಡಿಸಿದ ಪತ್ರವು ಖಾಸಗಿ ಆಸ್ತಿಯನ್ನು ಸಮರ್ಥಿಸಿ ಸಮಾಜವಾದವನ್ನು ಖಂಡಿಸಿತು. ಜೊತೆಗೆ, ಹಿತಮಿತವಾಗಿ ಬದುಕುವ ಕಾರ್ಮಿಕನ ಜೀವನಕ್ಕೆ ಸಾಲುವಷ್ಟು ಕೂಲಿ ಕೊಡುವುದು ನ್ಯಾಯದ ವಿಷಯವೇ ಹೊರತು ಬರೀ ಒಪ್ಪಂದದ ವಿಷಯವಲ್ಲ ಎಂದೂ, ಕಾರ್ಮಿಕರು ಸಂಘ ಕಟ್ಟಿಕೊಳ್ಳಬಹುದೆಂದೂ ಹೇಳಿತು. ಅದನ್ನು ಓದಿದ ಮಾಲೀಕನಿಗೂ ಅರ್ಧ ಸಮಾಧಾನ, ಕಾರ್ಮಿಕನಿಗೂ ಅರ್ಧ ಸಮಾಧಾನ. ಇದನ್ನು ಕೇವಲ ಜಾಣತನವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಆ ಪತ್ರವನ್ನು ಕೈಯಲ್ಲಿ ಹಿಡಿದು ನೂರಾರು ಪಾದ್ರಿಗಳು ನಿಜವಾಗಿಯೂ ಕ್ರೈಸ್ತ ಕಾರ್ಮಿಕ ಸಂಘಗಳ ಕೆಲಸಕ್ಕಿಳಿದರು.

ಎರಡನೆಯ ಮಹಾಯುದ್ಧದ ಅನಂತರ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಸೇರಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್ ಕಟ್ಟಿದಾಗ ಈ ಪರಂಪರೆ ಎಷ್ಟು ಆಳವಾಗಿತ್ತೆಂದರೆ, ಬ್ರಿಟಿಷ್ ಆಡಳಿತದ ವಲಯದಲ್ಲಿ ಅವರು 1947ರ ಫೆಬ್ರುವರಿಯಲ್ಲಿ ಆಲೆನ್ ಎಂಬ ಪಟ್ಟಣದಲ್ಲಿ ಒಪ್ಪಿದ ಕಾರ್ಯಕ್ರಮವು ಬಂಡವಾಳಶಾಹಿ ವ್ಯವಸ್ಥೆ ಜರ್ಮನ್ ಜನರ ಹಿತ ಕಾಯಲಿಲ್ಲ ಎಂಬ ಮಾತಿನಿಂದಲೇ ಶುರುವಾಗುತ್ತದೆ. ಸಭೆಯ ಮುಖ್ಯಸ್ಥರಾಗಿದ್ದವರು ಮುಂದೆ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದ ಕಾನ್ರಾಡ್ ಆಡೆನವರ್. ಎರಡೇ ವರ್ಷದಲ್ಲಿ, 1949ರ ಜುಲೈನಲ್ಲಿ, ಅದೇ ಆಡೆನವರ್ ನೇತೃತ್ವದಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ಹೊರಬಿದ್ದ ತತ್ತ್ವಗಳು ಪೈಪೋಟಿಯ ಮಾರುಕಟ್ಟೆಯನ್ನು ಎತ್ತಿಹಿಡಿದವು. ನಡುವೆ 1948ರ ಜೂನ್ 20ರ ನಾಣ್ಯ ಸುಧಾರಣೆ ನಡೆದಿತ್ತು, ಆರ್ಥಿಕ ಆಡಳಿತದ ಹೊಣೆ ಹೊತ್ತಿದ್ದ ಲುಡ್ವಿಗ್ ಎರ್ಹಾರ್ಡ್ ಬಹುತೇಕ ಬೆಲೆ ನಿಯಂತ್ರಣಗಳನ್ನು ಕಿತ್ತುಹಾಕಿದ್ದರು, ಖಾಲಿಯಾಗಿದ್ದ ಅಂಗಡಿಗಳಲ್ಲಿ ಸರಕು ಕಾಣಿಸಿಕೊಂಡಿತ್ತು, ಮತ್ತು ಸಮಾಜವಾದಿಗಳನ್ನು ಬದಿಗಿಟ್ಟು ಸರ್ಕಾರ ರಚಿಸಬೇಕಾದರೆ ಉದ್ಯಮಪರ ಪಕ್ಷಗಳ ಬೆಂಬಲ ಬೇಕಾಗಿತ್ತು. ಬೈಬಲ್ ಮಾತ್ರ ಆ ಎರಡು ವರ್ಷಗಳಲ್ಲಿ ಬದಲಾಗಿರಲಿಲ್ಲ.

ಆದರೂ ಪಕ್ಷದೊಳಗಿನ ಕಾರ್ಮಿಕರು ಎಲ್ಲಿಗೂ ಹೋಗಿರಲಿಲ್ಲ. ಕ್ರೈಸ್ತ ಕಾರ್ಮಿಕ ಸಂಘದಿಂದ ಬಂದ ಕಾರ್ಲ್ ಆರ್ನಾಲ್ಡ್ ದೇಶದ ಅತಿದೊಡ್ಡ ಕೈಗಾರಿಕಾ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕ ಪ್ರತಿನಿಧಿಗಳಿಗೆ ಷೇರುದಾರರಷ್ಟೇ ಸ್ಥಾನ ಕೊಡುವ ಕಾನೂನು ಬಂತು. ಮುಷ್ಕರದ ಬೆದರಿಕೆ ಅದರ ಒಂದು ಕಾರಣವಾದರೆ ಪಕ್ಷದೊಳಗಿನ ಈ ಬಣ ಇನ್ನೊಂದು. 1957ರಲ್ಲಿ ನಿವೃತ್ತರ ಪಿಂಚಣಿಯನ್ನು ದುಡಿಯುವವರ ಕೂಲಿಯೊಂದಿಗೆ ಏರುವಂತೆ ಕಟ್ಟಲಾಯಿತು. ಇದಕ್ಕೆ ಸಂಪುಟದಲ್ಲೇ ವಿರೋಧಿಸಿದವರು ಯಾರು? ಮಾರುಕಟ್ಟೆಯ ಪವಾಡಪುರುಷ ಎರ್ಹಾರ್ಡ್ ಅವರೇ. ಆಡೆನವರ್ ಪಟ್ಟು ಬಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ ಚುನಾವಣೆಯಲ್ಲಿ ಅವರ ಕೂಟ ಶೇಕಡಾ 50.2 ಮತ ಪಡೆಯಿತು. ಆ ಗಣರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಇನ್ನು ಯಾರಿಗೂ ಸಿಕ್ಕಿಲ್ಲ. ನಿಮಗೆ ಈಗ ಅಚ್ಚರಿ ತಂದಿರುವ ಪಿಂಚಣಿಯ ಹೆಮ್ಮೆಯ ಮೂಲ ಇದು.

ಅಮೆರಿಕದ ಕಥೆ ಉಲ್ಟಾ ಓಡಿದಂತೆ ಕಾಣುತ್ತದೆ. ಆದರೆ ಅಲ್ಲಿನ ಬೈಬಲ್ ನಿಷ್ಠರು ಹುಟ್ಟಿನಿಂದಲೇ ಬಂಡವಾಳದ ಪರವಾಗಿದ್ದರು ಎಂದುಕೊಂಡರೆ ತಪ್ಪಾಗುತ್ತದೆ. 1896ರಲ್ಲಿ ಶಿಕಾಗೋದ ಡೆಮಾಕ್ರಟಿಕ್ ಸಮ್ಮೇಳನದಲ್ಲಿ ಹಣವನ್ನು ಚಿನ್ನಕ್ಕೆ ಕಟ್ಟಿಹಾಕುವ ನೀತಿಯ ವಿರುದ್ಧ, ಮನುಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಎಂದು ಗುಡುಗಿದ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಸಾಲದಲ್ಲಿ ಮುಳುಗಿದ ರೈತರ ಪರವಾಗಿ ಬ್ಯಾಂಕುಗಳ ಮತ್ತು ರೈಲ್ವೆ ಕಂಪನಿಗಳ ವಿರುದ್ಧ ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತವರು. 1925ರಲ್ಲಿ ಟೆನೆಸೀಯ ಡೇಟನ್‌ನಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕನ ವಿರುದ್ಧ ವಾದಿಸಲು ನಿಂತವರೂ ಇವರೇ. ಇಂದು ಒಬ್ಬನೇ ಮನುಷ್ಯನಲ್ಲಿ ಈ ಎರಡು ನಿಲುವುಗಳನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಬ್ರಯನ್‌ಗೆ ಅದರಲ್ಲಿ ವಿರೋಧವೇ ಕಂಡಿರಲಿಲ್ಲ, ಏಕೆಂದರೆ ಬಲವಂತನು ಬಲಹೀನನನ್ನು ತಿನ್ನುವುದೇ ಪ್ರಕೃತಿಯ ನಿಯಮ ಎಂಬ ಮಾತು ಅವರಿಗೆ ಪಾಠದಲ್ಲೂ ಪೇಟೆಯಲ್ಲೂ ಒಂದೇ ರೀತಿ ಅಸಹ್ಯವಾಗಿತ್ತು.

ತಿರುವು ಎರಡು ಹಂತಗಳಲ್ಲಿ ಬಂತು. ಮೊದಲನೆಯದು ಹಣದಿಂದ. ರೂಸ್‌ವೆಲ್ಟ್ ಅವರ ‘ನ್ಯೂ ಡೀಲ್’ ಎಂಬ, ಆರ್ಥಿಕ ಕುಸಿತದ ಕಾಲದ ಸರ್ಕಾರಿ ನೆರವಿನ ಯೋಜನೆಗಳಿಂದ ಕಂಗೆಟ್ಟ ಉದ್ಯಮಿಗಳು ತಮ್ಮ ಮಾತನ್ನು ತಾವೇ ಆಡಿದರೆ ಜನ ಕೇಳುವುದಿಲ್ಲವೆಂದು ಕಂಡುಕೊಂಡಿದ್ದರು. ಲಾಸ್ ಏಂಜಲೀಸ್‌ನ ಶ್ರೀಮಂತ ಚರ್ಚೊಂದರ ಪಾಲಕ ಜೇಮ್ಸ್ ಫೈಫೀಲ್ಡ್ 1935ರಲ್ಲಿ ಆರಂಭಿಸಿದ ‘ಸ್ಪಿರಿಚುವಲ್ ಮೊಬಿಲೈಸೇಷನ್’ ಎಂಬ ಸಂಸ್ಥೆಯು ಉದ್ಯಮಿಗಳ ದೇಣಿಗೆಯಿಂದ ಬೆಳೆಯಿತು. ಸಾವಿರಾರು ಪಾದ್ರಿಗಳನ್ನು ತಲುಪಿದ ಅದರ ಬೋಧನೆಯ ಸಾರವೆಂದರೆ, ಒಬ್ಬರ ಗಳಿಕೆಯನ್ನು ಇನ್ನೊಬ್ಬರಿಗೆ ಹಂಚುವ ಸರ್ಕಾರ ಕದಿಯಬಾರದು, ಆಸೆಪಡಬಾರದು ಎಂಬ ಆಜ್ಞೆಗಳನ್ನು ಮುರಿಯುತ್ತದೆ ಎಂಬುದು. ಶೀತಲ ಸಮರ ಬಂದ ಮೇಲೆ ಈ ವಾದಕ್ಕೆ ಯಾರ ದೇಣಿಗೆಯೂ ಬೇಕಾಗಲಿಲ್ಲ. ಎದುರಾಳಿ ನಾಸ್ತಿಕನೂ ಹೌದು, ಆಸ್ತಿ ಕಿತ್ತುಕೊಳ್ಳುವವನೂ ಹೌದು. 1954ರಲ್ಲಿ ಧ್ವಜವಂದನೆಯ ಪ್ರತಿಜ್ಞೆಗೆ ದೇವರ ಹೆಸರು ಸೇರಿತು, 1956ರಲ್ಲಿ ದೇವರಲ್ಲಿ ನಮಗೆ ಭರವಸೆ ಎಂಬುದು ರಾಷ್ಟ್ರದ ಧ್ಯೇಯವಾಕ್ಯವಾಯಿತು, ಮರುವರ್ಷದಿಂದ ಅದು ಡಾಲರ್ ನೋಟಿನ ಮೇಲೂ ಅಚ್ಚಾಯಿತು.

ಆದರೂ ಇವೆಲ್ಲ ದೇಶದ ಭಾಷೆಯನ್ನು ಬದಲಿಸಿದವೇ ಹೊರತು ಮತಪೆಟ್ಟಿಗೆಯನ್ನಲ್ಲ. ದಕ್ಷಿಣದ ಬ್ಯಾಪ್ಟಿಸ್ಟರು (ಪ್ರಾಟೆಸ್ಟಂಟರ ಒಂದು ದೊಡ್ಡ ಪಂಥ) 1976ರಲ್ಲೂ ದೊಡ್ಡ ಸಂಖ್ಯೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್ ಅವರಿಗೆ ಮತ ಹಾಕಿದರು. ಅವರೂ ಬ್ಯಾಪ್ಟಿಸ್ಟರೇ, ಭಾನುವಾರದ ಬೈಬಲ್ ಶಾಲೆಯ ಶಿಕ್ಷಕರು. ಎರಡನೆಯ ಹಂತ ಅಲ್ಲಿಂದ ಶುರು, ಮತ್ತು ಅದರ ಮೂಲದಲ್ಲಿ ಮತ್ತೆ ಶಾಲೆ. ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಬಾಹಿರವೆಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದಕ್ಷಿಣದಲ್ಲಿ ಬಿಳಿಯರಿಗಾಗಿಯೇ ಖಾಸಗಿ ಶಾಲೆಗಳು ಹುಟ್ಟಿಕೊಂಡವು, ಅನೇಕವು ಚರ್ಚಿನ ಆಶ್ರಯದಲ್ಲಿ. 1962–63ರಲ್ಲಿ ಸರ್ಕಾರಿ ಶಾಲೆಗಳ ಅಧಿಕೃತ ಪ್ರಾರ್ಥನೆ ಮತ್ತು ಬೈಬಲ್ ವಾಚನವನ್ನು ಕೋರ್ಟ್ ನಿಲ್ಲಿಸಿದಾಗ ಇನ್ನಷ್ಟು ಪೋಷಕರು ಅತ್ತ ವಾಲಿದರು. 1971ರಲ್ಲಿ, ಮಿಸ್ಸಿಸಿಪ್ಪಿಯ ಕಪ್ಪು ಪೋಷಕರು ಹೂಡಿದ್ದ ದಾವೆಯಲ್ಲಿ, ಜನಾಂಗಭೇದ ಮಾಡುವ ಖಾಸಗಿ ಶಾಲೆಗೆ ತೆರಿಗೆ ವಿನಾಯಿತಿ ಸಲ್ಲದು ಎಂದು ತೀರ್ಪಾಯಿತು. 1978ರಲ್ಲಿ ಕಾರ್ಟರ್ ಸರ್ಕಾರದ ತೆರಿಗೆ ಇಲಾಖೆ ಈ ನಿಯಮವನ್ನು ಬಿಗಿಗೊಳಿಸಲು ಹೊರಟಾಗ ಪ್ರತಿಭಟನೆಯ ಪತ್ರಗಳ ರಾಶಿಯೇ ಬಂದು ಬಿತ್ತು.

ಅಲ್ಲಿ ಒಂದು ಹೊಲಿಗೆ ಬಿತ್ತು. ತೆರಿಗೆ ಇಲಾಖೆ ನಮ್ಮ ಶಾಲೆಯ ಬೆನ್ನು ಹತ್ತಿದೆ ಎಂಬ ಪಾದ್ರಿಯ ದೂರಿಗೂ, ತೆರಿಗೆ ಇಲಾಖೆ ನಮ್ಮ ಕಾರ್ಖಾನೆಯ ಬೆನ್ನು ಹತ್ತಿದೆ ಎಂಬ ಉದ್ಯಮಿಯ ದೂರಿಗೂ ಎದುರಾಳಿ ಒಂದೇ ಕಚೇರಿಯಾಯಿತು. 1979ರಲ್ಲಿ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಸ್ಥಾಪಿಸಿದರು. ಅವರೂ ವರ್ಜೀನಿಯದಲ್ಲಿ ಶಾಲೆ ನಡೆಸುತ್ತಿದ್ದ ಬ್ಯಾಪ್ಟಿಸ್ಟ್ ಪಾದ್ರಿ. 1980ರ ರಿಪಬ್ಲಿಕನ್ ಪ್ರಣಾಳಿಕೆ ಖಾಸಗಿ ಶಾಲೆಗಳ ಮೇಲಿನ ತೆರಿಗೆ ಇಲಾಖೆಯ ಹಗೆಸಾಧನೆಯನ್ನು ನಿಲ್ಲಿಸುತ್ತೇವೆಂದು ಮಾತು ಕೊಟ್ಟಿತು. ಆ ಆಗಸ್ಟಿನಲ್ಲಿ, ನೀವಿದ್ದ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಸಾವಿರಾರು ಪಾದ್ರಿಗಳ ಮುಂದೆ ರೊನಾಲ್ಡ್ ರೇಗನ್, ನೀವು ನನ್ನನ್ನು ಬೆಂಬಲಿಸುವಂತಿಲ್ಲ ಎಂಬುದು ಗೊತ್ತು, ಆದರೆ ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಎಂಬರ್ಥದ ಮಾತನಾಡಿದರು; ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಅಭ್ಯರ್ಥಿಗಳ ಪರ ನಿಲ್ಲಬಾರದೆಂಬ 1954ರ ನಿಯಮವನ್ನು ಅವರು ಹೀಗೆ ನಯವಾಗಿ ದಾಟಿದ್ದರು. ಅಂದು ಸೇರಿದ ಮನೆಯಿಂದ ಬಿಳಿಯ ಇವ್ಯಾಂಜೆಲಿಕಲರು, ಅಂದರೆ ಬೈಬಲ್ ನಿಷ್ಠ ಪ್ರಾಟೆಸ್ಟಂಟರು, ಇಂದಿಗೂ ಹೊರಬಂದಿಲ್ಲ. 2016ರಲ್ಲೂ 2020ರಲ್ಲೂ ಅವರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಡೊನಾಲ್ಡ್ ಟ್ರಂಪ್‌ಗೆ ಮತ ಹಾಕಿದರು.

ಇದಕ್ಕೆಲ್ಲ ಗರ್ಭಪಾತದ ಪ್ರಶ್ನೆಯೇ ಮೂಲವಲ್ಲವೇ ಎಂದು ನೀವು ಕೇಳಬಹುದು. ಇತಿಹಾಸಕಾರರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದ ಸುಪ್ರೀಂ ಕೋರ್ಟಿನ 1973ರ ತೀರ್ಪನ್ನು ಕ್ಯಾಥೊಲಿಕರು ಮೊದಲ ದಿನದಿಂದಲೇ ವಿರೋಧಿಸಿದರು. ದಕ್ಷಿಣದ ಬ್ಯಾಪ್ಟಿಸ್ಟ್ ಸಮ್ಮೇಳನವಾದರೋ 1971ರಲ್ಲಿ ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶವಿರಬೇಕೆಂದು ತಾನೇ ನಿರ್ಣಯ ಮಾಡಿತ್ತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಆ ಪ್ರಶ್ನೆಯ ತೂಕ ಏರಿತೆಂಬುದು ನಿಜ, ಇಂದು ಅದೇ ಮುಂದಿದೆ ಎಂಬುದೂ ನಿಜ. ಆದರೆ ಸಂಘಟನೆಗೆ ಮೊದಲ ಕಿಡಿ ಶಾಲೆಯದೆಂದೇ ನನ್ನ ತೀರ್ಮಾನ.

ಅಮೆರಿಕದ ಕ್ರೈಸ್ತರು ಜರ್ಮನಿಯವರಂತೆ ಸ್ವಂತ ಪಕ್ಷವನ್ನೇಕೆ ಕಟ್ಟಲಿಲ್ಲ? ಕಟ್ಟಿದವರಿದ್ದಾರೆ. ಮದ್ಯವಿರೋಧಿ ಪ್ರಾಟೆಸ್ಟಂಟರು 1869ರಲ್ಲಿ ಸ್ಥಾಪಿಸಿದ ಪ್ರೊಹಿಬಿಷನ್ ಪಕ್ಷ ಇನ್ನೂ ಅಭ್ಯರ್ಥಿಗಳನ್ನು ನಿಲ್ಲಿಸುತ್ತದೆ. ಅಂಥದೊಂದು ಪಕ್ಷವಿದೆ ಎಂಬುದು ನಿಮ್ಮ ಟೆಕ್ಸಸ್ ಗೆಳೆಯರಿಗೂ ಗೊತ್ತಿರಲಾರದು. ಹೆಚ್ಚು ಮತ ಪಡೆದವನೇ ಎಲ್ಲವನ್ನೂ ಗೆಲ್ಲುವ ಪದ್ಧತಿಯಲ್ಲಿ ಮೂರನೆಯ ಪಕ್ಷಕ್ಕೆ ಜಾಗವಿಲ್ಲ. ಆದ್ದರಿಂದ ಎರಡು ದೊಡ್ಡ ಮನೆಗಳಲ್ಲಿ ಒಂದರಲ್ಲಿ ಕೋಣೆ ಹಿಡಿಯಬೇಕು, ಹಿಡಿದ ಮೇಲೆ ಯಜಮಾನರ ಮಾತಿಗೆ ತಲೆಯಾಡಿಸಬೇಕು.

ಬೇರೆ ಮನೆ ಸೇರಿದವರು ಬೇರೆಯದನ್ನೇ ಓದಿದರು ಎಂಬುದಕ್ಕೆ ಕಪ್ಪು ಜನರ ಚರ್ಚುಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಫಾಲ್ವೆಲ್‌ರಂತೆಯೇ ದಕ್ಷಿಣ ರಾಜ್ಯಗಳಲ್ಲಿ ಹುಟ್ಟಿ ಬೆಳೆದ ಬ್ಯಾಪ್ಟಿಸ್ಟ್ ಪಾದ್ರಿ, ಇಬ್ಬರ ನಡುವೆ ವಯಸ್ಸಿನ ಅಂತರವೂ ಕೆಲವೇ ವರ್ಷ. 1968ರ ಏಪ್ರಿಲ್ 4ರಂದು ಕಿಂಗ್ ಹತ್ಯೆಯಾದದ್ದು ಮೆಂಫಿಸ್‌ನಲ್ಲಿ. ಅವರು ಅಲ್ಲಿಗೆ ಹೋದದ್ದು ಕೂಲಿಗಾಗಿ, ಸಂಘದ ಮಾನ್ಯತೆಗಾಗಿ ಮುಷ್ಕರ ಹೂಡಿದ್ದ ಸುಮಾರು 1300 ಪೌರಕಾರ್ಮಿಕರ ಜೊತೆ ನಿಲ್ಲಲು. ಬಡವರ ಬಿಡುಗಡೆಯೇ ಧರ್ಮದ ಕೆಲಸವೆನ್ನುವ ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರದ ಬಗ್ಗೆ ಬರೆದರೆ ಇನ್ನೊಂದು ಲೇಖನವೇ ಆದೀತು. ಅಲ್ಲಿಯೂ ಸರ್ವಾಧಿಕಾರಿಗಳ ಎದುರು ನಿಂತ ಪಾದ್ರಿಗಳು ಯಾರ ಜೊತೆ ಜೈಲಿನಲ್ಲಿದ್ದರೋ ಅವರ ಅರ್ಥಶಾಸ್ತ್ರವನ್ನು ಕಲಿತರು ಎಂದಷ್ಟೇ ಹೇಳುತ್ತೇನೆ.

ದೂರದ ಉದಾಹರಣೆಗಳೇ ಸಾಕೆನಿಸಿದರೂ ನಮ್ಮ ನೆರೆಯ ಕೇರಳವನ್ನು ಬಿಡುವಂತಿಲ್ಲ. 1957ರಲ್ಲಿ ಅಧಿಕಾರಕ್ಕೆ ಬಂದ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರ ಭೂಸುಧಾರಣೆಗೂ ಕೈ ಹಾಕಿತ್ತು, ಶಿಕ್ಷಣ ಮಸೂದೆಯನ್ನೂ ತಂದಿತ್ತು. ಅನುದಾನಿತ ಖಾಸಗಿ ಶಾಲೆಗಳ ಶಿಕ್ಷಕರ ನೇಮಕ ಮತ್ತು ಸಂಬಳವನ್ನು ಸರ್ಕಾರದ ಹತೋಟಿಗೆ ತರುವ ಆ ಮಸೂದೆಯೇ ಕ್ಯಾಥೊಲಿಕ್ ಧರ್ಮಸಭೆಯನ್ನು ಬೀದಿಗೆ ತಂದದ್ದು. ಮನ್ನತ್ತು ಪದ್ಮನಾಭನ್ ಅವರ ನಾಯರ್ ಸಂಘವೂ ಜೊತೆಗೂಡಿತು, ‘ವಿಮೋಚನಾ ಸಮರ’ ಕಾವೇರಿತು, 1959ರ ಜುಲೈ 31ರಂದು ಸರ್ಕಾರ ವಜಾ ಆಯಿತು. ಭೂಮಾಲೀಕರ ಸಿಟ್ಟು ಮತ್ತು ಬಿಷಪರ ಸಿಟ್ಟು ಒಂದೇ ಮೆರವಣಿಗೆಯಲ್ಲಿ ನಡೆದದ್ದು ಹೀಗೆ.

ನೀವು ಸ್ಟುಟ್‌ಗಾರ್ಟ್‌ನಲ್ಲಿರುವುದರಿಂದ ಇನ್ನೊಂದು ಮಾತು ನೆನಪಾಗುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ಸುತ್ತಿನ ವ್ಯುರ್ಟೆಂಬರ್ಗ್ ಸೀಮೆಯವರೇ. ಅವರ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮತಾಂತರವಾದವರು ಜಾತಿಯ ಜೊತೆ ಕುಲಕಸುಬನ್ನೂ ಕಳೆದುಕೊಂಡು ಹೊಟ್ಟೆಪಾಡಿಗೆ ದಾರಿ ಕಾಣದೆ ನಿಂತದ್ದು ಅದರ ಮುಖ್ಯ ಕಾರಣ. ಇಲ್ಲಿ ಚರ್ಚು ತಾನೇ ಕಾರ್ಖಾನೆಯ ಒಡೆಯನಾಯಿತು. ಮತವಿಲ್ಲದ ವಸಾಹತಿನಲ್ಲಿ ಪಕ್ಷವೆಂಬ ಮೂರನೆಯ ಪಾತ್ರವಿರಲಿಲ್ಲವಾದ್ದರಿಂದ ನಿಮ್ಮ ಪ್ರಶ್ನೆಯ ಪೂರ್ತಿ ರೂಪಕ್ಕೆ ಅದು ಉದಾಹರಣೆಯಾಗದು.

ಉಳಿದದ್ದು ಸಂಬಳದ ಚೀಟಿ. ಇದು ಕಾಣುವಷ್ಟು ಸಣ್ಣ ವಿಷಯವಲ್ಲ, ಏಕೆಂದರೆ ಚರ್ಚಿನ ಅನ್ನ ಎಲ್ಲಿಂದ ಬರುತ್ತದೆ ಎಂಬುದು ಅದರ ದನಿಯನ್ನು ತಿದ್ದುತ್ತದೆ. ಅಮೆರಿಕದಲ್ಲಿ ಚರ್ಚು ನಡೆಯುವುದು ಸದಸ್ಯರ ಕಾಣಿಕೆಯಿಂದ. ಮುಂದಿನ ಸಾಲಿನಲ್ಲಿ ಕೂತ ದೊಡ್ಡ ದಾನಿಗೆ ನೋವಾಗುವಂತೆ ಬೋಧಿಸಿದ ಪಾದ್ರಿ ಮರುವರ್ಷ ಬೇರೆ ಊರು ಹುಡುಕಬೇಕಾದೀತು. ಜರ್ಮನಿಯಲ್ಲಿ 1919ರ ವೈಮರ್ ಸಂವಿಧಾನ ಕೊಟ್ಟ, 1949ರ ಮೂಲಕಾಯ್ದೆ ಹಾಗೆಯೇ ಉಳಿಸಿಕೊಂಡ ಹಕ್ಕಿನಂತೆ ಚರ್ಚು ತನ್ನ ಸದಸ್ಯರಿಂದ ತೆರಿಗೆ ಪಡೆಯುತ್ತದೆ, ವಸೂಲಿ ಮಾಡಿಕೊಡುವುದು ಸರ್ಕಾರ. ಅಲ್ಲಿನ ಪಾದ್ರಿಗೆ ಯಾವ ದಾನಿಯ ಹಂಗೂ ಇಲ್ಲ; ಸರ್ಕಾರವನ್ನು ಕಳ್ಳನೆಂದು ಕರೆಯುವ ಕಾರಣವೂ ಇಲ್ಲ. ಚರ್ಚುಗಳ ಸೇವಾಸಂಸ್ಥೆಗಳಾದ ಕಾರಿಟಾಸ್ ಮತ್ತು ಡಿಯಾಕೊನಿ ದೇಶದ ಅತಿದೊಡ್ಡ ಉದ್ಯೋಗದಾತರ ಸಾಲಿನಲ್ಲಿವೆ, ಅವುಗಳ ಆಸ್ಪತ್ರೆ ಮತ್ತು ವೃದ್ಧಾಶ್ರಮಗಳ ಖರ್ಚಿನ ದೊಡ್ಡ ಪಾಲು ಸಾಮಾಜಿಕ ವಿಮೆಯಿಂದಲೂ ಸರ್ಕಾರದಿಂದಲೂ ಬರುತ್ತದೆ. ನೀವು ಯಾವ ಧರ್ಮದವರೆಂದು ಬರೆದಿಲ್ಲ. ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಕ್ಯಾಥೊಲಿಕ್ ಎಂದೋ ಪ್ರಾಟೆಸ್ಟಂಟ್ ಎಂದೋ ಬರೆಸಿದ್ದರೆ ಕಡಿತ ತಾನಾಗಿ ಶುರುವಾಗುತ್ತದೆ, ಹಿಂದೂಗಳೋ ಮುಸ್ಲಿಮರೋ ಆಗಿದ್ದರೆ ನಿಮಗೆ ಅದು ಅನ್ವಯಿಸುವುದಿಲ್ಲ. ನೀವಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಅದರ ದರ ಶೇಕಡಾ 8; ಲೆಕ್ಕ ಹಾಕುವುದು ಸಂಬಳದ ಮೇಲಲ್ಲ, ಸಂಬಳಕ್ಕೆ ಬೀಳುವ ಆದಾಯ ತೆರಿಗೆಯ ಮೇಲೆ.